ಪಿಸ್ಟನ್ ಬದಲಿಸಿ ಕಂಪ್ರೆಷನ್ ಏರಿಸುವ ಕ್ರಮ: ಮಾರುತಿಯ 1.3 ಲೀಟರ್ ಇಂಜಿನ್ ಉದಾಹರಣೆಯಾಗಿ

ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಸವೆದು, ಆಯಿಲ್ ಸುಟ್ಟು ಹೊಗೆ ಬರುತ್ತಿರುವ ಇಂಜಿನ್ನನ್ನು ಹೇಗಿದ್ದರೂ ಬಿಚ್ಚಲೇಬೇಕಾದ ಸಂದರ್ಭ ಬಂದಾಗ, ಅದೇ ಕೆಲಸದೊಳಗೆ ಒಳ್ಳೆಯ ಪಿಸ್ಟನ್ ಹಾಕಿ ಕಂಪ್ರೆಷನ್ ಅನುಪಾತವನ್ನೂ (ಪಿಸ್ಟನ್ ತೀರ ಕೆಳಗಿದ್ದಾಗ ಅದರ ಮೇಲಿರುವ ಜಾಗ, ತೀರ ಮೇಲೆ ಬಂದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬ ಸಂಖ್ಯೆ) ಸ್ವಲ್ಪ ಏರಿಸಿಕೊಳ್ಳಬೇಕೆಂಬ ಆಸೆ ಅನೇಕರಿಗೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ಆದರೆ ಈ ಕೆಲಸ ಕೆಡುವುದು ಸಾಮಾನ್ಯವಾಗಿ ಪಿಸ್ಟನ್ನಿನ ಗುಣಮಟ್ಟದಿಂದಲ್ಲ, ಅಳತೆ ಮಾಡದೆ ಮುಂದುವರಿಯುವುದರಿಂದ. ಪಿಸ್ಟನ್ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅನುಪಾತ ನಿಮ್ಮ ಇಂಜಿನ್ನಿನ ಅನುಪಾತವಲ್ಲ. ನಿಮ್ಮ ಬ್ಲಾಕ್ (ಸಿಲಿಂಡರ್‌ಗಳಿರುವ ಭಾಗ), ಅದನ್ನು ಮೇಲಿನಿಂದ ಮುಚ್ಚುವ, ವಾಲ್ವ್‌ಗಳಿರುವ ನಿಮ್ಮ ಹೆಡ್, ಇವೆರಡರ ನಡುವಿನ ತೆಳು ಹಾಳೆಯಾದ ನಿಮ್ಮ ಗ್ಯಾಸ್ಕೆಟ್ ಸೇರಿದಾಗ ಬರುವ ಸಂಖ್ಯೆ ಬೇರೆಯೇ ಆಗಿರುತ್ತದೆ, ಮತ್ತು ಆ ಸಂಖ್ಯೆಯನ್ನು ಇಂಜಿನ್ ಕಟ್ಟುವ ಮೊದಲೇ ಲೆಕ್ಕ ಹಾಕಿ ತಿಳಿಯಲು ಸಾಧ್ಯವಿದೆ.

ಇಲ್ಲಿ ಎಸ್ಟೀಮ್ ಹಾಗೂ ಜಿಪ್ಸಿ ಕಿಂಗ್‌ಗಳಲ್ಲಿ ಬಂದ ಸುಜುಕಿಯ ಜಿ13 ಸರಣಿಯ ಇಂಜಿನ್ನನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೋರಿನ ವ್ಯಾಸ 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸರಿಯುವ ದೂರ) 75.5 ಮಿ.ಮೀ., ನಾಲ್ಕು ಸಿಲಿಂಡರ್, ಒಟ್ಟು 1298 ಸಿಸಿ. ಅಲ್ಯೂಮಿನಿಯಂ ಬ್ಲಾಕ್, ಅದರೊಳಗೆ ಎರಕದ ಕಬ್ಬಿಣದ ಲೈನರ್. ನಮ್ಮಲ್ಲಿ ರ‍್ಯಾಲಿಗೆ ಸಿದ್ಧಪಡಿಸುವವರು ದೀರ್ಘಕಾಲ ನೆಚ್ಚಿಕೊಂಡ ಇಂಜಿನ್ ಇದು, ಆದ್ದರಿಂದ ಬಿಡಿಭಾಗಗಳೂ ಕೈ ಪಳಗಿದ ಮೆಕ್ಯಾನಿಕ್‌ಗಳೂ ಇನ್ನೂ ಸಿಗುತ್ತಾರೆ. ಇದೇ ಬೋರ್ ಮತ್ತು ಸ್ಟ್ರೋಕ್ ಉಳಿಸಿಕೊಂಡು ಸುಜುಕಿಯೇ ಹೊರತಂದ ಸ್ವಿಫ್ಟ್ ಜಿಟಿಐ ಕಾರಿನ ಡಬಲ್ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡಗಳು ಎರಡಿರುವ) ಇಂಜಿನ್ನಿನಲ್ಲಿ ಅನುಪಾತ 10:1 ಇತ್ತು. ಅಂದರೆ ಆ ಮಟ್ಟದ ಒತ್ತಡ ಈ ಸರಣಿಗೆ ಹೊಸದೇನಲ್ಲ.

ಎಷ್ಟು ಲಾಭ ನಿರೀಕ್ಷಿಸಬಹುದು

ಕಂಪ್ರೆಷನ್ ಏರಿದಂತೆ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಹೊರಡುತ್ತದೆ, ಏಕೆಂದರೆ ಉರಿದ ಅನಿಲ ಹೊರಹೋಗುವ ಮೊದಲು ಹೆಚ್ಚು ಹಿಗ್ಗಲು ಅವಕಾಶ ಸಿಗುತ್ತದೆ. ಪಠ್ಯಪುಸ್ತಕದಲ್ಲಿ ಪೆಟ್ರೋಲ್ ಇಂಜಿನ್ನಿಗೆ ಕೊಡುವ ಆಟೋ (Otto) ಚಕ್ರದ ಸೂತ್ರಕ್ಕೆ ವಾಸ್ತವಕ್ಕೆ ಹತ್ತಿರವಾದ 1.3ರ ಘಾತಾಂಕ ಹಾಕಿ ನೋಡಿದರೆ, 9:1ರಿಂದ 10:1ಕ್ಕೆ ಏರಿಸಿದಾಗ ದಕ್ಷತೆ ಶೇಕಡಾ 3ಕ್ಕಿಂತ ತುಸು ಹೆಚ್ಚುತ್ತದೆ, 10.5:1ಕ್ಕೆ ಹೋದರೆ ಶೇಕಡಾ 5ರ ಹತ್ತಿರ ಬರುತ್ತದೆ. 80 ಅಶ್ವಶಕ್ತಿಯ ಇಂಜಿನ್ನಿಗೆ ಇದು ಎರಡೂವರೆಯಿಂದ ನಾಲ್ಕು ಅಶ್ವಶಕ್ತಿಯ ಮಾತು. ಯಾರಾದರೂ ಪಿಸ್ಟನ್ ಒಂದರಿಂದಲೇ ಇಪ್ಪತ್ತು ಅಶ್ವಶಕ್ತಿ ಬರುತ್ತದೆಂದು ಹೇಳಿದರೆ ನಂಬಬೇಡಿ. ಆದರೂ ಈ ಸಣ್ಣ ಲಾಭಕ್ಕೆ ಒಂದು ವಿಶೇಷವಿದೆ: ಅದು ಅತಿವೇಗದಲ್ಲಿ ಮಾತ್ರವಲ್ಲ, ಕಡಿಮೆ ವೇಗದಲ್ಲೂ ಅರ್ಧ ಆಕ್ಸಿಲರೇಟರ್‌ನಲ್ಲೂ ಸಿಗುತ್ತದೆ, ಮೈಲೇಜ್ ಕೂಡ ತುಸು ಸುಧಾರಿಸುತ್ತದೆ. ಮುಂದೆ ಹೆಚ್ಚು ಅವಧಿಯ ಕ್ಯಾಮ್ ಹಾಕುವ ಯೋಚನೆಯಿದ್ದರಂತೂ ಕಂಪ್ರೆಷನ್ ಏರಿಸುವುದು ಅನಿವಾರ್ಯ, ಏಕೆಂದರೆ ಅಂಥ ಕ್ಯಾಮ್ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುವುದರಿಂದ ಕೆಳವೇಗದಲ್ಲಿ ಒತ್ತಡ ಕುಸಿಯುತ್ತದೆ.

ಇದರ ಎದುರಿಗೆ ನಿಲ್ಲುವ ಅಪಾಯ ನಾಕಿಂಗ್. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ತಲುಪುವ ಮೊದಲೇ ದೂರದ ಮೂಲೆಯಲ್ಲಿರುವ ಮಿಶ್ರಣ ಬಿಸಿ ಮತ್ತು ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದನ್ನು ಹೀಗೆ ಕರೆಯುತ್ತೇವೆ. ಏರು ಹತ್ತುವಾಗ ಕೇಳುವ ಲೋಹದ ಕಟಕಟ ಸದ್ದು ಅದೇ. ಅದು ಮುಂದುವರಿದರೆ ರಿಂಗ್‌ಗಳ ನಡುವಿನ ಪಿಸ್ಟನ್ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ, ಬೇರಿಂಗ್ ಬಡಿದು ಹಾಳಾಗುತ್ತದೆ.

ಗುರಿ ನಿಗದಿ ಮಾಡುವುದು ಪೆಟ್ರೋಲ್ ಮತ್ತು ಊರು

ನಮ್ಮ ಬಂಕ್‌ಗಳಲ್ಲಿ ಬಿಎಸ್-6 ಮಾನದಂಡದ ಸಾಮಾನ್ಯ ಪೆಟ್ರೋಲ್‌ಗೆ ನಿಗದಿಯಾಗಿದ್ದ ಕನಿಷ್ಠ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) 91. ಎಥೆನಾಲ್ ಬೆರಕೆ ಹೆಚ್ಚಿದಂತೆ ಅದು ಮೇಲೇರುತ್ತದೆ. 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್ ನಗರಗಳಲ್ಲಿ ಸುಲಭವಾಗಿ ಸಿಗುತ್ತದೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ರೀತಿಯ 100 ಆಕ್ಟೇನ್ ಪೆಟ್ರೋಲ್ ಆಯ್ದ ಬಂಕ್‌ಗಳಲ್ಲಿ ಮಾತ್ರ ಇದೆ, ಬೆಲೆಯೂ ಬಹಳ ಹೆಚ್ಚು. ನಾಕ್ ಸೆನ್ಸರ್ ಇಲ್ಲದ ಹಳೆಯ ಇಂಜಿನ್‌ಗೆ, ಸಾಮಾನ್ಯ ಪೆಟ್ರೋಲ್‌ನಲ್ಲೇ ಓಡಿಸುವುದಾದರೆ 9.5:1, ಯಾವಾಗಲೂ 95 ಹಾಕಿಸುವ ನಿಶ್ಚಯವಿದ್ದರೆ 10:1 ಎಂಬುದು ನನ್ನ ಅಭಿಪ್ರಾಯ. 10.5:1ಕ್ಕೆ ಹೋಗುವ ಕಾರು ರ‍್ಯಾಲಿ ಅಥವಾ ಟ್ರ್ಯಾಕ್‌ಗೆ ಮೀಸಲಾಗಿರಲಿ. ಹಾಸನದ ಆಚೆ ರಾತ್ರಿ ಹನ್ನೊಂದಕ್ಕೆ ಪೆಟ್ರೋಲ್ ಮುಗಿದಾಗ ಎದುರಿಗಿರುವ ಬಂಕಿನಲ್ಲಿ ಏನು ಸಿಗುತ್ತದೋ ಅದನ್ನೇ ಹಾಕಿಸಬೇಕಾಗುತ್ತದೆಂಬುದನ್ನು ಮರೆಯಬಾರದು.

ಎಥೆನಾಲ್ ಬಗ್ಗೆ ಇನ್ನೊಂದು ಎಚ್ಚರಿಕೆ. ಅದು ಆಕ್ಟೇನ್ ಏರಿಸುತ್ತದೆ, ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ. ಇವೆರಡೂ ಕಂಪ್ರೆಷನ್ ಏರಿಸುವವರಿಗೆ ಅನುಕೂಲವೇ. ಆದರೆ ಶುದ್ಧ ಪೆಟ್ರೋಲ್ 1 ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ, ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲ್‌ಗೆ ಸುಮಾರು 13.5 ಭಾಗ ಸಾಕು. ಪೆಟ್ರೋಲ್ ಹರಿಯುವ ರಂಧ್ರಗಳಾದ ಹಳೆಯ ಜೆಟ್‌ಗಳನ್ನೇ ಉಳಿಸಿಕೊಂಡ ಕಾರ್ಬ್ಯುರೇಟರ್ ಇದರಿಂದಾಗಿ ಪೆಟ್ರೋಲ್ ಕೊರತೆಯ ಮಿಶ್ರಣವನ್ನು ಕೊಡುತ್ತದೆ, ಮಿಶ್ರಣ ಹೀಗೆ ಸೊರಗಿದಾಗ ದಹನಕೋಶ ಬಿಸಿಯೇರಿ ನಾಕಿಂಗ್‌ಗೆ ದಾರಿಯಾಗುತ್ತದೆ. ಆದ್ದರಿಂದ ಕಾರ್ಬ್ಯುರೇಟರ್ ಇರುವ ಎಸ್ಟೀಮ್ ಅಥವಾ ಜಿಪ್ಸಿಯಲ್ಲಿ ಜೆಟ್ ಬದಲಾವಣೆಯೂ ಹಳೆಯ ರಬ್ಬರ್ ಪೈಪ್‌ಗಳ ಬದಲಾವಣೆಯೂ ಈ ಕೆಲಸದ ಭಾಗವೆಂದೇ ತಿಳಿಯಬೇಕು.

ಊರಿನ ಎತ್ತರವೂ ಅಷ್ಟೇ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ. ಬೆಂಗಳೂರಿನಲ್ಲಿ ಕಟ್ಟಿ, ಬೆಂಗಳೂರಿನಲ್ಲೇ ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಬೀಳುವ ಕ್ಷಣ) ಹೊಂದಿಸಿ, ಒಂದು ಚೂರೂ ಸದ್ದಿಲ್ಲದೆ ಓಡುವ ಇಂಜಿನ್ ಕರಾವಳಿಗಿಳಿದು ಅಲ್ಲಿನ ಸೆಕೆಯಲ್ಲಿ ಶಿರಾಡಿ ಹತ್ತುವಾಗ ಕಟಕಟಿಸತೊಡಗಬಹುದು. ಘಾಟಿಯ ಬುಡದಲ್ಲಿ ಗಾಳಿ ದಟ್ಟ, ಕಾರಿನ ತುಂಬ ಜನ, ಮುಂದೆ ಲಾರಿಗಳ ಸಾಲು, ಮೂರನೆಯ ಗೇರಿನಲ್ಲಿ ಕಡಿಮೆ ಆರ್‌ಪಿಎಂ ಮತ್ತು ಪೂರ್ತಿ ಒತ್ತಿದ ಆಕ್ಸಿಲರೇಟರ್: ನಾಕಿಂಗ್‌ಗೆ ಬೇಕಾದ ಎಲ್ಲವೂ ಅಲ್ಲಿ ಒಟ್ಟಿಗೆ ಸೇರುತ್ತವೆ. ಅನುಪಾತವನ್ನು ನಿರ್ಧರಿಸಬೇಕಾದದ್ದು ಕಾರು ಎದುರಿಸುವ ಇಂಥ ಅತಿ ಕಷ್ಟದ ಸಂದರ್ಭವನ್ನು ನೋಡಿಕೊಂಡು.

ಕಾನೂನಿನ ವಿಷಯವನ್ನೂ ಮೊದಲೇ ಹೇಳುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಬೋರ್ 0.5 ಮಿ.ಮೀ. ದೊಡ್ಡದಾದರೆ ಒಟ್ಟು ಗಾತ್ರ 1298 ಸಿಸಿಯಿಂದ ಸುಮಾರು 1316 ಸಿಸಿಗೆ ಏರುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಓ ಮತ್ತು ವಿಮಾ ಕಂಪನಿಯಲ್ಲಿ ವಿಚಾರಿಸಿಕೊಳ್ಳಿ.

ಅಳತೆ ಮತ್ತು ಲೆಕ್ಕ

ಇಡೀ ಕೆಲಸದ ಜೀವಾಳ ಇಲ್ಲಿದೆ. ಬೇಕಾದ ಸಾಮಾನು ಹೆಚ್ಚಿಲ್ಲ: 50 ಮಿ.ಲೀ. ಅಥವಾ 100 ಮಿ.ಲೀ. ಬ್ಯೂರೆಟ್, ಒಂದು ಕಡೆ ಸಣ್ಣ ರಂಧ್ರವಿರುವ ದಪ್ಪ ಅಕ್ರಿಲಿಕ್ ತುಂಡು, ಸ್ವಲ್ಪ ಗ್ರೀಸ್, ಬಣ್ಣ ಬೆರೆಸಿದ ಸೀಮೆಎಣ್ಣೆ ಅಥವಾ ಸ್ಪಿರಿಟ್, ಸ್ಟ್ಯಾಂಡ್ ಸಹಿತ ಡಯಲ್ ಗೇಜ್, ವರ್ನಿಯರ್.

ಮೊದಲು ಹೆಡ್. ವಾಲ್ವ್‌ಗಳ ಲ್ಯಾಪಿಂಗ್ (ಸೋರದಂತೆ ಉಜ್ಜಿ ಕೂರಿಸುವುದು) ಮುಗಿದು, ಸ್ಪ್ರಿಂಗ್ ಕೂರಿಸಿ, ಇಂಜಿನ್ನಿಗೆ ಹಾಕುವ ಮಾದರಿಯ ಸ್ಪಾರ್ಕ್ ಪ್ಲಗ್ಗನ್ನೇ ಬಿಗಿದು, ಹೆಡ್ಡನ್ನು ದಹನಕೋಶ ಮೇಲ್ಮುಖವಾಗುವಂತೆ ಬೋರಲಾಗಿ, ಅಕ್ರಿಲಿಕ್ ತುಂಡಿನ ರಂಧ್ರ ಬರುವ ಕಡೆ ತುಸು ಎತ್ತರ ಬರುವಂತೆ ಇಡಬೇಕು. ದಹನಕೋಶದ ಸುತ್ತ ಗ್ರೀಸ್ ಸವರಿ ಅಕ್ರಿಲಿಕ್ ತುಂಡನ್ನು ಒತ್ತಿ ಕೂರಿಸಿ, ರಂಧ್ರದ ಮೂಲಕ ಬ್ಯೂರೆಟ್ಟಿನಿಂದ ದ್ರವ ಬಿಡುತ್ತ ಹೋದರೆ, ಗಾಜಿನಂಥ ಆ ತುಂಡಿನ ಕೆಳಗೆ ಗಾಳಿಗುಳ್ಳೆಯೊಂದು ಕಿರಿದಾಗುತ್ತ ರಂಧ್ರದತ್ತ ಸರಿಯುವುದು ಕಾಣುತ್ತದೆ. ಅದು ಪೂರ್ತಿ ಮಾಯವಾದ ಕ್ಷಣದಲ್ಲಿ ಬ್ಯೂರೆಟ್ಟನ್ನು ನಿಲ್ಲಿಸಿ ಅಳತೆ ಬರೆದುಕೊಳ್ಳಬೇಕು. ನಾಲ್ಕೂ ಕೋಶಗಳಿಗೆ ಇದನ್ನು ಮಾಡಿ. ಅವುಗಳ ನಡುವೆ ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಚಿಕ್ಕ ಕೋಶಗಳ ಒರಟು ಅಂಚುಗಳನ್ನು ನಯಗೊಳಿಸಿ ದೊಡ್ಡದಕ್ಕೆ ಸರಿದೂಗಿಸಬೇಕು.

ನಂತರ ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರ್‌ಗೆ ಪಿಸ್ಟನ್‌ಗಳನ್ನು ರಿಂಗ್ ಇಲ್ಲದೆ ತಾತ್ಕಾಲಿಕವಾಗಿ ಜೋಡಿಸಿ, ಕ್ರ್ಯಾಂಕ್ (ಪಿಸ್ಟನ್‌ಗಳಿಗೆ ಜೋಡಿಸಿದ, ತಿರುಗುವ ದಂಡ) ತಿರುಗಿಸಿ ಪಿಸ್ಟನ್ ತೀರ ಮೇಲೆ ಬಂದಾಗ ಅದರ ತಲೆ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಕೆಳಗಿದೆ ಎಂದು ಡಯಲ್ ಗೇಜ್‌ನಿಂದ ನೋಡಿ. ಪಿಸ್ಟನ್ ಅತ್ತಿತ್ತ ವಾಲುವುದರಿಂದ, ಅದನ್ನು ರಾಡಿಗೆ ಜೋಡಿಸುವ ಪಿನ್ನಿನ ನೇರಕ್ಕೆ ಎರಡೂ ತುದಿಯಲ್ಲಿ ಅಳೆದು ಸರಾಸರಿ ತೆಗೆದುಕೊಳ್ಳುವುದು ಸರಿ. ಪಿಸ್ಟನ್ ತಲೆಯಲ್ಲಿ ಗುಳಿ ಅಥವಾ ಉಬ್ಬು ಇದ್ದರೆ, ಪಿಸ್ಟನ್ನನ್ನು ಮೇಲಿನಿಂದ ಸರಿಯಾಗಿ 10 ಮಿ.ಮೀ. ಕೆಳಗಿಳಿಸಿ, ಅಂಚಿಗೆ ಗ್ರೀಸ್ ತುಂಬಿ, ಮೇಲೆ ಅಕ್ರಿಲಿಕ್ ಇಟ್ಟು ದ್ರವ ತುಂಬಿಸಿ. 74 ಮಿ.ಮೀ. ಬೋರಿನಲ್ಲಿ 10 ಮಿ.ಮೀ. ಎತ್ತರದ ಗಾತ್ರ 43 ಸಿಸಿ. ತುಂಬಿದ್ದು 39 ಸಿಸಿ ಮಾತ್ರವಾದರೆ ಉಬ್ಬು 4 ಸಿಸಿ. 45 ಸಿಸಿ ಹಿಡಿದರೆ ಗುಳಿ 2 ಸಿಸಿ.

ಹೆಡ್ ಗ್ಯಾಸ್ಕೆಟ್‌ನ ದಪ್ಪವನ್ನು ಹೊಸದರಲ್ಲಿ ಅಳೆಯಬಾರದು. ಬಿಗಿದು ಒತ್ತಿದ ನಂತರದ ದಪ್ಪ ಬೇಕು. ಅದೇ ಮಾದರಿಯ ಹಳೆಯ ಗ್ಯಾಸ್ಕೆಟ್ ಇದ್ದರೆ ಬೋರಿನ ಉಂಗುರದ ಬಳಿ ವರ್ನಿಯರ್ ಹಿಡಿದರೆ ಸಾಕು.

ಈಗ ಲೆಕ್ಕ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಸರಿಯುವ ಗಾತ್ರ 324.7 ಸಿಸಿ. ಅಳತೆಯಲ್ಲಿ ಹೆಡ್ ಕೋಶ 32 ಸಿಸಿ, 75 ಮಿ.ಮೀ. ವ್ಯಾಸದ 1.2 ಮಿ.ಮೀ. ದಪ್ಪದ ಗ್ಯಾಸ್ಕೆಟ್ 5.3 ಸಿಸಿ, ಪಿಸ್ಟನ್ 0.3 ಮಿ.ಮೀ. ಕೆಳಗಿರುವುದರಿಂದ 1.3 ಸಿಸಿ, ಪಿಸ್ಟನ್ ಗುಳಿ 2 ಸಿಸಿ ಎಂದು ಬಂತೆನ್ನಿ. ಕೂಡಿದರೆ 40.6 ಸಿಸಿ. 324.7ನ್ನು 40.6ರಿಂದ ಭಾಗಿಸಿ ಒಂದು ಸೇರಿಸಿದರೆ 9.0 ಬರುತ್ತದೆ. ಇದು ಉದಾಹರಣೆಯ ಲೆಕ್ಕ. ನಿಮ್ಮ ಇಂಜಿನ್ನಿನ ಸಂಖ್ಯೆಗಳು ನಿಮ್ಮ ಬ್ಯೂರೆಟ್ಟಿನಿಂದಲೇ ಬರಬೇಕು.

ಇದೇ ಇಂಜಿನ್ನಿಗೆ 74.5 ಮಿ.ಮೀ.ನ ಚಪ್ಪಟೆ ತಲೆಯ, ವಾಲ್ವ್ ಗುಳಿಗಳು ಒಟ್ಟು 1 ಸಿಸಿ ಇರುವ ಓವರ್‌ಸೈಜ್ ಪಿಸ್ಟನ್ ಹಾಕಿದೆವೆನ್ನೋಣ. ಸರಿಯುವ ಗಾತ್ರ 329.1 ಸಿಸಿಗೆ ಏರಿ, ಮೇಲೆ ಉಳಿಯುವ ಜಾಗ 39.6 ಸಿಸಿಗೆ ಇಳಿದು ಅನುಪಾತ 9.3 ಆಗುತ್ತದೆ. ಬ್ಲಾಕಿನ ಮೇಲ್ಮೈಯಲ್ಲಿ 0.3 ಮಿ.ಮೀ. ಫೇಸಿಂಗ್ (ಮೇಲಿನ ಪದರವನ್ನು ಸಮವಾಗಿ ತೆಗೆಯುವುದು) ಮಾಡಿಸಿ ಪಿಸ್ಟನ್ ತಲೆ ಬ್ಲಾಕಿಗೆ ಸಮವಾಗಿ ಬರುವಂತೆ ಮಾಡಿದರೆ 9.6. ಗ್ಯಾಸ್ಕೆಟ್ಟನ್ನು 0.9 ಮಿ.ಮೀ. ದಪ್ಪದ್ದಕ್ಕೆ ಬದಲಿಸಿದರೆ 9.9. ಇಲ್ಲಿ ಯಾವ ಹೆಜ್ಜೆಯೂ ದೊಡ್ಡದಲ್ಲ. ಉಬ್ಬು ತಲೆಯ ಪಿಸ್ಟನ್ ಬೇಕಾಗಲಿಲ್ಲ, ಹೆಡ್ಡನ್ನು ಮುಟ್ಟಲೂ ಇಲ್ಲ.

ಇದೇ ಮಾರ್ಗವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೆಡ್‌ನ ಚಪ್ಪಟೆ ಭಾಗಕ್ಕೂ ಪಿಸ್ಟನ್ನಿನ ಚಪ್ಪಟೆ ಅಂಚಿಗೂ ನಡುವೆ ಉಳಿಯುವ ಸಂದಿಗೆ ಸ್ಕ್ವಿಶ್ ಎನ್ನುತ್ತಾರೆ. ಪಿಸ್ಟನ್ ಮೇಲೇರಿದಾಗ ಆ ಸಂದಿಯಲ್ಲಿದ್ದ ಮಿಶ್ರಣ ರಭಸದಿಂದ ಹಿಂಡಲ್ಪಟ್ಟು ಪ್ಲಗ್ಗಿನ ಕಡೆ ನುಗ್ಗುತ್ತದೆ. ಉರಿ ಬೇಗ ಹಬ್ಬುತ್ತದೆ, ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳಲು ಮಿಶ್ರಣ ಉಳಿಯುವುದಿಲ್ಲ. ಸಂದಿ 0.8ರಿಂದ 1.0 ಮಿ.ಮೀ. ಇದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ಮೊದಲಿದ್ದ ಸಂದಿ 1.5 ಮಿ.ಮೀ., ಕೊನೆಗೆ ಬಂದದ್ದು 0.9 ಮಿ.ಮೀ. ಅನುಪಾತ ಏರಿದ್ದರ ಜೊತೆಗೆ ನಾಕಿಂಗ್ ತಡೆಯುವ ಗುಣವೂ ಸುಧಾರಿಸಿತು. ಇದರ ಬದಲು, 1.2 ಮಿ.ಮೀ. ಗ್ಯಾಸ್ಕೆಟ್ಟನ್ನೇ ಉಳಿಸಿಕೊಂಡು, ಬ್ಲಾಕನ್ನು ಮುಟ್ಟದೆ, ಅದೇ 9.9ಕ್ಕೆ ತಲುಪಲು ಹೆಡ್ ಫೇಸಿಂಗ್ ಒಂದನ್ನೇ ನೆಚ್ಚಿದರೆ, ಕೋಶದ ಬಾಯಿ 35 ಚದರ ಸೆಂ.ಮೀ. ಇದ್ದಲ್ಲಿ ಸುಮಾರು 0.75 ಮಿ.ಮೀ. ತೆಗೆಯಬೇಕಾಗುತ್ತದೆ, ಮತ್ತು ಅಷ್ಟು ತೆಗೆದ ಮೇಲೂ ಸ್ಕ್ವಿಶ್ ಸಂದಿ 1.5 ಮಿ.ಮೀ.ನಲ್ಲೇ ಉಳಿದಿರುತ್ತದೆ. ಎರಡೂ ಇಂಜಿನ್‌ಗಳ ಅನುಪಾತ ಕಾಗದದ ಮೇಲೆ ಒಂದೇ, ಘಾಟಿಯಲ್ಲಿ ನಡೆ ಬೇರೆ. ಬಹಳ ಉಬ್ಬಿದ ಪಿಸ್ಟನ್ ತಲೆಯದ್ದೂ ಇದೇ ತೊಂದರೆ. ಜ್ವಾಲೆ ಸಾಗುವ ದಾರಿಗೆ ಅದು ಅಡ್ಡ ನಿಲ್ಲುತ್ತದೆ.

ಪಿಸ್ಟನ್ ಆಯ್ಕೆ

ರಸ್ತೆಯ ಕಾರಿಗೆ ಒಳ್ಳೆಯ ಎರಕದ ಪಿಸ್ಟನ್ ಸಾಕು. ಅದು ಬಿಸಿಗೆ ಹೆಚ್ಚು ಹಿಗ್ಗುವುದಿಲ್ಲ, ಬೋರಿನ ಜೊತೆ 0.02ರಿಂದ 0.04 ಮಿ.ಮೀ. ಸಂದಿಯಲ್ಲಿ ಸದ್ದಿಲ್ಲದೆ ಓಡುತ್ತದೆ. ಫೋರ್ಜ್ಡ್ ಪಿಸ್ಟನ್ ಹೆಚ್ಚು ಗಟ್ಟಿ. ಅಕಸ್ಮಾತ್ ನಾಕಿಂಗ್ ಆದರೆ ಒಡೆಯದೆ ತಡೆದುಕೊಳ್ಳುವ ಸಾಮರ್ಥ್ಯ ಹೆಚ್ಚು. ಅದರಲ್ಲೂ ಎರಡು ಬಗೆಯ ಮಿಶ್ರಲೋಹಗಳಿವೆ. 4032 ಎಂಬುದರಲ್ಲಿ ಸುಮಾರು ಶೇಕಡಾ 12 ಸಿಲಿಕಾನ್ ಇರುವುದರಿಂದ ಹಿಗ್ಗುವಿಕೆ ಕಡಿಮೆ, ಸಂದಿಯೂ ಕಡಿಮೆ ಸಾಕು. 2618 ಎಂಬುದರಲ್ಲಿ ಸಿಲಿಕಾನ್ ಅತ್ಯಲ್ಪ. ಬಹಳ ಬಾಗಿಕೆ ತಾಳುತ್ತದೆ, ಆದರೆ ಹೆಚ್ಚು ಸಂದಿ ಬೇಡುವುದರಿಂದ ಬೆಳಿಗ್ಗೆ ತಣ್ಣಗಿನ ಇಂಜಿನ್ ಶುರು ಮಾಡಿದಾಗ ಬೋರಿಗೆ ತಟ್ಟುವ ಸದ್ದು ಕೇಳುತ್ತದೆ. ದಿನನಿತ್ಯ ಓಡಿಸುತ್ತ ಆಗಾಗ ರ‍್ಯಾಲಿಗೂ ಹೋಗುವವರಿಗೆ 4032 ಒಳ್ಳೆಯದು. ಸಂದಿ ಎಷ್ಟಿರಬೇಕೆಂಬುದಕ್ಕೆ ಪಿಸ್ಟನ್ ಜೊತೆ ಬರುವ ಚೀಟಿಯೇ ಪ್ರಮಾಣ. ಲೇತ್ ಶಾಪ್‌ನವರ ರೂಢಿಯ ಅಳತೆಯನ್ನು ಅದರ ಬದಲಿಗೆ ಒಪ್ಪಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದೇ ಬೋರ್ ಅಳತೆಯ ಹಲವು ಪಿಸ್ಟನ್‌ಗಳು ಸಿಗುತ್ತವೆ. ಬೋರ್ ಹೊಂದಿದ ಮಾತ್ರಕ್ಕೆ ಪಿಸ್ಟನ್ ಹೊಂದಿತೆಂದು ತಿಳಿಯಬಾರದು. ಪಿನ್ನಿನ ಮಧ್ಯದಿಂದ ತಲೆಯವರೆಗಿನ ಎತ್ತರ, ಪಿನ್ನಿನ ವ್ಯಾಸ, ಪಿನ್ ಬಾಸ್‌ಗಳ ನಡುವಿನ ಅಗಲ, ತಲೆಯ ಮೇಲಿನ ವಾಲ್ವ್ ಗುಳಿಗಳ ಜಾಗ ಈ ನಾಲ್ಕನ್ನೂ ಹಳೆಯ ಪಿಸ್ಟನ್ ಪಕ್ಕದಲ್ಲಿಟ್ಟು ಅಳೆದು ನೋಡಿ. 8 ವಾಲ್ವ್ ಹೆಡ್‌ಗೆ ಗುಳಿ ಇರುವ ಜಾಗದಲ್ಲಿ 16 ವಾಲ್ವ್ ಹೆಡ್‌ಗೆ ಗುಳಿ ಇರುವುದಿಲ್ಲ. ಪಿನ್ ಕನೆಕ್ಟಿಂಗ್ ರಾಡಿನಲ್ಲಿ ಬಿಗಿಯಾಗಿ ಕೂರುವ ಬಗೆಯದೋ, ಎರಡೂ ಕಡೆ ಸರ್ಕ್ಲಿಪ್ ಹಾಕಿ ಸಡಿಲ ಬಿಡುವ ಬಗೆಯದೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬಿಗಿ ರಾಡಿಗೆ ಸಡಿಲ ಪಿನ್ ಹಾಕಬೇಕಾದರೆ ರಾಡಿನ ಸಣ್ಣ ತುದಿಗೆ ಬುಷ್ ಕೂರಿಸಬೇಕಾಗುತ್ತದೆ. ನಾಲ್ಕೂ ಪಿಸ್ಟನ್‌ಗಳನ್ನು ಪಿನ್ ಸಹಿತ ತೂಗಿ, ಒಂದು ಗ್ರಾಮಿನೊಳಗೆ ಸಮವಿರುವಂತೆ ನೋಡಿಕೊಳ್ಳಿ.

ಬೋರಿಂಗ್‌ನಿಂದ ಜೋಡಣೆಯವರೆಗೆ

ಪಿಸ್ಟನ್ ಕೈಗೆ ಬರುವ ಮೊದಲು ಬ್ಲಾಕನ್ನು ಬೋರ್ ಹಿಗ್ಗಿಸಲು ಬೋರಿಂಗ್‌ಗೆ ಕೊಡಬಾರದು. ಪ್ರತಿ ಪಿಸ್ಟನ್ನನ್ನೂ ತಯಾರಕರು ಸೂಚಿಸಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು ಅಳೆದು, ಮೇಲೆ ಸಂಖ್ಯೆ ಬರೆದು, ಆಯಾ ಪಿಸ್ಟನ್ನಿಗೆ ಆಯಾ ಬೋರ್ ಹೊಂದುವಂತೆ ಕೆಲಸ ಮಾಡಿಸಬೇಕು. ಈ ಇಂಜಿನ್ನಿಗೆ 0.25 ಮತ್ತು 0.50 ಮಿ.ಮೀ. ಓವರ್‌ಸೈಜ್ ರೂಢಿಯಲ್ಲಿದೆ; ಲೈನರ್ ತೆಳುವಾದ್ದರಿಂದ ಅದಕ್ಕಿಂತ ಮುಂದೆ ಹೋಗುವುದು ಸರಿಯಲ್ಲ. ಬೋರಿಂಗ್‌ನಲ್ಲಿ ಕೊನೆಯ ಕೆಲವು ನೂರನೇ ಭಾಗ ಮಿ.ಮೀ. ಉಳಿಸಿ, ಅಷ್ಟನ್ನು ಕಲ್ಲಿನಿಂದ ನಯವಾಗಿ ಉಜ್ಜುವ ಹೋನಿಂಗ್‌ನಲ್ಲಿ ತೆಗೆಯಬೇಕು. ಹೆಡ್ ಬೋಲ್ಟ್‌ಗಳನ್ನು ಬಿಗಿದಾಗ ಅಲ್ಯೂಮಿನಿಯಂ ಬ್ಲಾಕಿನ ಬೋರ್ ತುಸು ಸೊಟ್ಟಗಾಗುವುದರಿಂದ, ದಪ್ಪ ಉಕ್ಕಿನ ಟಾರ್ಕ್ ಪ್ಲೇಟ್ ಬಿಗಿದು ಹೋನಿಂಗ್ ಮಾಡುವ ಲೇತ್ ಶಾಪ್ ಸಿಕ್ಕರೆ ಹೆಚ್ಚು ಹಣ ಕೊಟ್ಟಾದರೂ ಅಲ್ಲೇ ಮಾಡಿಸಿ. ಹೆಡ್ ಮತ್ತು ಬ್ಲಾಕಿನ ಮೇಲ್ಮೈ 0.05 ಮಿ.ಮೀ.ಗಿಂತ ಹೆಚ್ಚು ಡೊಂಕಿರಬಾರದು.

ಬ್ಲಾಕ್ ಮರಳಿ ಬಂದ ಮೇಲೆ ತೊಳೆಯುವುದು ಬಹುಮುಖ್ಯ. ಪೆಟ್ರೋಲ್ ಅಥವಾ ಡೀಸೆಲ್‌ನಿಂದ ಒರೆಸಿದರೆ ಹೋನಿಂಗ್ ಕಲ್ಲಿನ ಪುಡಿ ಗೆರೆಗಳೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಬಿಸಿನೀರು, ಸಾಬೂನು ಮತ್ತು ನೈಲಾನ್ ಬ್ರಷ್ ಬಳಸಿ ಉಜ್ಜಿ, ಒಣಗಿಸಿ, ಇಂಜಿನ್ ಆಯಿಲ್ ಅದ್ದಿದ ಬಿಳಿ ಬಟ್ಟೆಯಿಂದ ಬೋರನ್ನು ಒರೆಸಿ ನೋಡಿ. ಬಟ್ಟೆಯ ಮೇಲೆ ಬೂದು ಬಣ್ಣ ಕಂಡರೆ ಮತ್ತೆ ತೊಳೆಯಬೇಕು. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಇದನ್ನು ಬಿಡಬಾರದು. ಆ ಬೂದು ಪುಡಿಯೇ ಹೊಸ ರಿಂಗ್‌ಗಳನ್ನು ಮೊದಲ ಸಾವಿರ ಕಿಲೋಮೀಟರಿನಲ್ಲಿ ಸವೆಸುವುದು.

ರಿಂಗ್ ಗ್ಯಾಪ್ ಪರೀಕ್ಷೆಗೆ ರಿಂಗನ್ನು ಅದೇ ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿಸಿ ಅದರಿಂದ ಸುಮಾರು 25 ಮಿ.ಮೀ. ಒಳಗೆ ತಳ್ಳಿದರೆ ರಿಂಗ್ ನೇರವಾಗಿ ಕೂರುತ್ತದೆ. ಬೋರಿನ ವ್ಯಾಸವನ್ನು 0.004ರಿಂದ ಗುಣಿಸುವುದು ರೂಢಿಯ ಲೆಕ್ಕ, 74.5 ಮಿ.ಮೀ.ಗೆ ಅದು 0.30 ಮಿ.ಮೀ. ಎರಡನೆಯ ರಿಂಗಿಗೆ 0.35 ಮಿ.ಮೀ. ಇದ್ದರೆ ಒಳ್ಳೆಯದು. ಕಡಿಮೆಯಿದ್ದರೆ ರಿಂಗಿನ ಒಂದೇ ತುದಿಯನ್ನು, ಹೊರಗಿನಿಂದ ಒಳಮುಖವಾಗಿ ಮಾತ್ರ, ಅರದಿಂದ ಉಜ್ಜಬೇಕು. ಗ್ಯಾಪ್ ತುಸು ಹೆಚ್ಚಾದರೆ ಅಂಥ ನಷ್ಟವಿಲ್ಲ. ಕಡಿಮೆಯಾದರೆ ಬಿಸಿಯಲ್ಲಿ ತುದಿಗಳು ಕೂಡಿ ರಿಂಗ್ ಬೋರನ್ನು ಗೀರುತ್ತದೆ, ಪಿಸ್ಟನ್ ಅಂಚನ್ನೂ ಕಿತ್ತುಹಾಕುತ್ತದೆ.

ಬೇರಿಂಗ್ ಸಂದಿಯನ್ನು, ಒತ್ತಿದಾಗ ಹರಡುವ ಅಳತೆಯ ಎಳೆಯಾದ ಪ್ಲಾಸ್ಟಿಗೇಜ್‌ನಿಂದ ನೋಡಿ, ರಾಡ್ ಬೋಲ್ಟ್‌ಗಳನ್ನು ಹೊಸದೇ ಹಾಕಿ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಟೈಮಿಂಗ್ ಬೆಲ್ಟ್ ಕಡೆಗಿರಲಿ.

ಅಂತಿಮವಾಗಿ ಹೆಡ್ ಮುಚ್ಚುವ ಮೊದಲು ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರವನ್ನು ಪರೀಕ್ಷಿಸುವುದು ಕಡ್ಡಾಯ. ಒಂದನೆಯ ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಮೆತ್ತನೆಯ ಕ್ಲೇ ಹಚ್ಚಿ, ತೆಳ್ಳಗೆ ಆಯಿಲ್ ಸವರಿ, ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಬೆಲ್ಟ್ ಹಾಕಿ, ಟ್ಯಾಪೆಟ್ ಹೊಂದಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ತಡೆದಂತಾದರೆ ಬಲ ಹಾಕಬೇಡಿ. ಮತ್ತೆ ಹೆಡ್ ತೆಗೆದು, ಕ್ಲೇ ಮೇಲೆ ವಾಲ್ವ್ ಒತ್ತಿದ ಗುರುತನ್ನು ಬ್ಲೇಡಿನಿಂದ ಕೊಯ್ದು ಅತಿ ತೆಳುವಾದ ಜಾಗವನ್ನು ಅಳೆಯಿರಿ. ಇನ್‌ಟೇಕ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಬೇಕು, ಎಕ್ಸಾಸ್ಟ್ ವಾಲ್ವ್ ಬಿಸಿಗೆ ಉದ್ದವಾಗುವುದರಿಂದಲೂ ಮೇಲೇರುವ ಪಿಸ್ಟನ್ನೇ ಅದನ್ನು ಬೆನ್ನಟ್ಟಿ ಬರುವುದರಿಂದಲೂ ಅದಕ್ಕೆ ಹೆಚ್ಚು ಅಂತರ. ಸ್ಕ್ವಿಶ್ ಸಂದಿಯೂ ಇದೇ ಕ್ಲೇಯಲ್ಲಿ ಗೊತ್ತಾಗುತ್ತದೆ. ಬ್ಲಾಕ್ ಮತ್ತು ಗ್ಯಾಸ್ಕೆಟ್ ಸೇರಿ 0.6 ಮಿ.ಮೀ. ತಗ್ಗಿದಾಗ ಕ್ಯಾಮ್ ಕ್ರ್ಯಾಂಕಿಗೆ ಅಷ್ಟು ಹತ್ತಿರವಾಗಿ, ವಾಲ್ವ್ ಟೈಮಿಂಗ್ ಕ್ರ್ಯಾಂಕಿನ ಲೆಕ್ಕದಲ್ಲಿ ಒಂದು ಡಿಗ್ರಿಯ ಆಸುಪಾಸು ಹಿಂದೆ ಬೀಳುತ್ತದೆ. ರಸ್ತೆ ಕಾರಿಗೆ ಇದು ಸಹ್ಯ. ನಿಖರತೆ ಬೇಕಾದವರು ಹೊಂದಿಸಬಲ್ಲ ಕ್ಯಾಮ್ ಗೇರ್ ಹಾಕಿಕೊಳ್ಳಬಹುದು.

ಹೆಡ್ ಬೋಲ್ಟ್ ರಂಧ್ರಗಳ ತಳದಲ್ಲಿ ಆಯಿಲ್ ಅಥವಾ ನೀರು ನಿಂತಿರಬಾರದು. ಬಿಗಿದಾಗ ಅದು ಹೊರಬರಲಾರದೆ ಬ್ಲಾಕನ್ನೇ ಸೀಳಬಲ್ಲದು. ಸರ್ವಿಸ್ ಪುಸ್ತಕದ ಕ್ರಮದಲ್ಲಿ, ಮಧ್ಯದಿಂದ ಹೊರಕ್ಕೆ, ಮೂರು ಹಂತಗಳಲ್ಲಿ ಟಾರ್ಕ್ ರೆಂಚ್ ಬಳಸಿ ಬಿಗಿಯಿರಿ. ರೇಡಿಯೇಟರ್ ಒಳಗೆ ಪಾಚಿ ಕಟ್ಟಿದ್ದರೆ ಈಗಲೇ ಸ್ವಚ್ಛಗೊಳಿಸಿ, ಹೊಸ ಥರ್ಮೋಸ್ಟಾಟ್ ಹಾಕಿ, ಬೋರ್‌ವೆಲ್ ನೀರಿನ ಬದಲು ಕೂಲಂಟ್ ತುಂಬಿಸಿ.

ಸ್ಟಾರ್ಟ್ ಮಾಡುವುದು, ಪಳಗಿಸುವುದು, ಪರೀಕ್ಷಿಸುವುದು

ಸ್ಪಾರ್ಕ್ ಪ್ಲಗ್ ಮೊದಲಿಗಿಂತ ಒಂದು ಹಂತ ತಣ್ಣಗಿನದಾಗಿರಲಿ, ಅಂದರೆ ಬಿಸಿಯನ್ನು ಬೇಗ ಹೊರಗೆ ಸಾಗಿಸುವಂಥದ್ದಾಗಿರಲಿ. ಎನ್‌ಜಿಕೆ ಪ್ಲಗ್‌ಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ತಣ್ಣಗೆ, ಬಾಷ್‌ನಲ್ಲಿ ಚಿಕ್ಕದಾದಷ್ಟೂ ತಣ್ಣಗೆ. ಇದನ್ನು ಅದಲುಬದಲು ಮಾಡಿಕೊಂಡರೆ ಬೇಡವಾದ ಬಿಸಿ ಪ್ಲಗ್ಗೇ ಇಂಜಿನ್ನಿಗೆ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ ಇರುವ ಇಂಜಿನ್ನಿನಲ್ಲಿ ಇಗ್ನಿಷನ್ ಟೈಮಿಂಗನ್ನು ಮೂಲಕ್ಕಿಂತ 2ರಿಂದ 3 ಡಿಗ್ರಿ ಹಿಂದಿಟ್ಟು ಶುರು ಮಾಡಬೇಕು. ಪ್ಲಗ್ ಬಿಚ್ಚಿಟ್ಟು ಆಯಿಲ್ ದೀಪ ಆರುವವರೆಗೆ ಕ್ರ್ಯಾಂಕ್ ಮಾಡಿ, ನಂತರವೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಹೊಸ ರಿಂಗ್‌ಗಳು ಬೋರಿಗೆ ಕೂರಲು ಅವುಗಳ ಹಿಂದೆ ಒತ್ತಡ ಬೇಕು, ಆ ಒತ್ತಡ ಐಡ್ಲಿಂಗ್‌ನಲ್ಲಿ ಸಿಗದು. ಗಂಟೆಗಟ್ಟಲೆ ನಿಂತಲ್ಲೇ ಓಡಿಸುವ ಪದ್ಧತಿಯಿಂದ ಬೋರ್ ನುಣುಪಾಗಿ ರಿಂಗ್ ಕೂರದೆ ಉಳಿಯುತ್ತದೆ. ಸೋರಿಕೆ ಇಲ್ಲವೆಂದು ನೋಡಿಕೊಂಡ ಕೂಡಲೇ ಖನಿಜ ಆಯಿಲ್ ತುಂಬಿದ ಕಾರನ್ನು ರಸ್ತೆಗಿಳಿಸಿ, ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿ ಮಧ್ಯಮ ಒತ್ತಡ ಕೊಟ್ಟು ವೇಗ ಏರಿಸಿ, ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯಲು ಬಿಡಬೇಕು. ಮೊದಲ 100 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್, ಮತ್ತೆ 1000 ಕಿ.ಮೀ.ಗೆ ಇನ್ನೊಮ್ಮೆ ಬದಲಿಸಿ. ಸಿಂಥೆಟಿಕ್ ಆಯಿಲ್ ಆಮೇಲೆ.

ಮಿಶ್ರಣವನ್ನು ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್ ಇಟ್ಟು ನೋಡುವುದು ಉತ್ತಮ. ಪೂರ್ತಿ ಭಾರದಲ್ಲಿ ಲ್ಯಾಂಬ್ಡಾ (ಒಳಬಂದ ಗಾಳಿ, ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಎಂಬ ಸಂಖ್ಯೆ) 0.87ರ ಆಸುಪಾಸು ಇರಲಿ. ಎಥೆನಾಲ್ ಪ್ರಮಾಣ ಬದಲಾದರೂ ಲ್ಯಾಂಬ್ಡಾ ಓದಿನ ಅರ್ಥ ಬದಲಾಗುವುದಿಲ್ಲವಾದ್ದರಿಂದ ಗಾಳಿ-ಪೆಟ್ರೋಲ್ ಅನುಪಾತದ ಬದಲು ಇದನ್ನೇ ನೋಡಿ. ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರ್‌ಗಳಿಂದ ಸಿಂಪಡಿಸುವ) ಇಂಜಿನ್ನಿನ ಇಸಿಯು (ಅದನ್ನು ನಿಯಂತ್ರಿಸುವ ಕಂಪ್ಯೂಟರ್) ಹಳೆಯ ಅನುಪಾತಕ್ಕೆ ಹೊಂದಿಸಿದ ಟೈಮಿಂಗನ್ನೇ ಕೊಡುತ್ತಿರುತ್ತದೆ. 10:1ರ ಹತ್ತಿರ ಹೋದವರು ಅದನ್ನು ಮರುಹೊಂದಿಸಬಲ್ಲವರ ಹತ್ತಿರ ಹೋಗಲೇಬೇಕು.

ಸಾವಿರ ಕಿ.ಮೀ. ಮುಗಿದ ಮೇಲೆ ಬಿಸಿ ಇಂಜಿನ್ನಿನಲ್ಲಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್ ಗೇಜ್ ಹಾಕಿ ನೋಡಿ. ಬೆಂಗಳೂರು, ಮೈಸೂರು ಅಥವಾ ಹಾಸನದಲ್ಲಿ ಬರುವ ಓದು ಕರಾವಳಿಗಿಂತ ಕಡಿಮೆಯೇ ಇರುತ್ತದೆ, ಅದು ದೋಷವಲ್ಲ. ನೋಡಬೇಕಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು ಚದರ ಸೆಂ.ಮೀ.ಗೆ 1 ಕಿಲೋ ಮೀರಬಾರದು. ಮೀರಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಓದು ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಟೈಮಿಂಗನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ತರುವ ಕೆಲಸವನ್ನು ಇದಾದ ಮೇಲೆಯೇ ಶುರು ಮಾಡಿ, ಪ್ರತಿ ಹೆಜ್ಜೆಗೂ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ಅದರ ಬಿಳಿ ಪಿಂಗಾಣಿಯನ್ನು ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಅದರ ಮೇಲೆ ಕಾಳುಮೆಣಸಿನ ಪುಡಿಯಂತೆ ಕಪ್ಪು ಚುಕ್ಕೆ ಬಿದ್ದಿದ್ದರೆ, ಅಥವಾ ಬೆಳಕಿಗೆ ಹಿಡಿದಾಗ ಮಿನುಗುವ ಸಣ್ಣ ಅಲ್ಯೂಮಿನಿಯಂ ಕಣಗಳು ಕಂಡರೆ, ಕಿವಿಗೆ ಏನೂ ಕೇಳಿಸದಿದ್ದರೂ ಒಳಗೆ ನಾಕಿಂಗ್ ನಡೆಯುತ್ತಿದೆ ಮತ್ತು ಆ ಮಿನುಗುವುದು ಪಿಸ್ಟನ್ನಿನ ಲೋಹವೇ. ಆಗ ಟೈಮಿಂಗನ್ನು ತಕ್ಷಣ 2 ಡಿಗ್ರಿ ಹಿಂದಕ್ಕೆ ತನ್ನಿ, ಮಿಶ್ರಣ ಸೊರಗಿದೆಯೇ ಎಂದು ಪರೀಕ್ಷಿಸಿ. ಕೊನೆಯ ಪರೀಕ್ಷೆಯನ್ನು ಕರಾವಳಿಯಲ್ಲೇ ಮಾಡಬೇಕು: ನೀವು ದಿನವೂ ಹಾಕಿಸುವ ಪೆಟ್ರೋಲನ್ನೇ ತುಂಬಿಸಿ, ನಾಲ್ಕು ಜನ ಕೂತು, ಮಧ್ಯಾಹ್ನದ ಬಿಸಿಲಿನಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಹತ್ತಿ, ಮೇಲೆ ತಲುಪಿದ ಕೂಡಲೇ ಸುರಕ್ಷಿತ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಅದು ಆರಿದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ ನೋಡಿ. ನಾಲ್ಕೂ ಸ್ವಚ್ಛವಾಗಿದ್ದರೆ ಡಿಸ್ಟ್ರಿಬ್ಯೂಟರಿನ ಮೇಲೆ ಗುರುತು ಹಾಕಿ, ಆ ಟೈಮಿಂಗನ್ನು ಅಲ್ಲಿಗೇ ಬಿಡಿ.